ಕಂಟ್ರೋಲರ್ ಇಲ್ಲದ ಕಥೆ

ವಿಡಿಯೋ ಗೇಮ್ ಆಧರಿಸಿದ ಕಾಮಿಕ್ಸ್ ಅಂದರೆ ನನ್ನಂತೆ ಗೇಮ್ ಆಡುವವರಿಗೆ ಮೊದಲಿನಿಂದಲೂ ಸ್ವಲ್ಪ ಅನುಮಾನ. ಗೇಮ್ ಬಿಡುಗಡೆಯ ಹೊತ್ತಿಗೆ ಬರುವ ಟೀ ಶರ್ಟು, ಕಾಫಿ ಮಗ್ಗು, ಬೊಂಬೆಗಳ ಜೊತೆ ಇದೂ ಒಂದು ಸರಕು ಅನ್ನಿಸುತ್ತದೆ. ಓದಿದರೂ ನಾವು ನೋಡುವುದು ಹೊಂದಾಣಿಕೆಯನ್ನು ಮಾತ್ರ. ನಾಯಕನ ಮುಖ ಹಾಗೇ ಇದೆಯೇ, ಕೈಯಲ್ಲಿರುವ ಆಯುಧ ಅದೇನಾ, ಆ ಬೀದಿ ಅದೇ ಬೀದಿಯಾ? ವೃತ್ತಿಯಿಂದ ನಾನು ಸಾಫ್ಟ್‌ವೇರ್ ಟೆಸ್ಟರ್. ಪಟ್ಟಿ ಹಿಡಿದು ಟಿಕ್ ಹಾಕುವ ಅಭ್ಯಾಸ ನನಗೆ ಉಳಿದವರಿಗಿಂತ ಹೆಚ್ಚು.

ಆದರೆ ಬಾಲ್ಯದಲ್ಲಿ ಬಾಲಮಂಗಳದ ಡಿಂಗನನ್ನು ಓದುವಾಗ ನಮ್ಮ ಹತ್ತಿರ ಯಾವ ಪಟ್ಟಿಯೂ ಇರಲಿಲ್ಲ. ಪುಟ ತಿರುಗಿಸಬೇಕು ಅನ್ನಿಸಿತೇ ಇಲ್ಲವೇ, ಅಷ್ಟೇ ಲೆಕ್ಕ. 'ದಿ ಲಾಸ್ಟ್ ಆಫ್ ಅಸ್: ಅಮೆರಿಕನ್ ಡ್ರೀಮ್ಸ್' ಎಂಬ ಕಾಮಿಕ್ಸಿನ ಮೊದಲ ಸಂಚಿಕೆಯನ್ನು ಈಚೆಗೆ ಮತ್ತೆ ಓದಿದಾಗ ಆ ಹಳೆಯ ಲೆಕ್ಕವೇ ಸರಿ ಅನ್ನಿಸಿತು.

ಗೇಮ್ ಗೊತ್ತಿಲ್ಲದವರಿಗೆ ಎರಡು ಮಾತು. ನಾಟಿ ಡಾಗ್ ಎಂಬ ಅಮೆರಿಕದ ಸಂಸ್ಥೆ 2013ರ ಜೂನ್‌ನಲ್ಲಿ ಪ್ಲೇಸ್ಟೇಷನ್ 3ಕ್ಕೆ ತಂದ ಗೇಮ್ 'ದಿ ಲಾಸ್ಟ್ ಆಫ್ ಅಸ್'. ಕಾರ್ಡಿಸೆಪ್ಸ್ ಎಂಬ ಶಿಲೀಂಧ್ರ ಮನುಷ್ಯರ ಮಿದುಳಿಗೆ ಹೊಕ್ಕು ಅವರನ್ನು ಮೃಗಗಳಂತೆ ಮಾಡಿ ಇಪ್ಪತ್ತು ವರ್ಷಗಳಾಗಿವೆ. ಉಳಿದವರು ಸೈನ್ಯದ ಕಾವಲಿನ ಗೋಡೆಗಳೊಳಗೆ ಬದುಕುತ್ತಿದ್ದಾರೆ. ಮಗಳನ್ನು ಕಳೆದುಕೊಂಡ ಜೋಯೆಲ್ ಎಂಬ ನಡುವಯಸ್ಸಿನವನು ಎಲಿ ಎಂಬ ಹದಿನಾಲ್ಕರ ಹುಡುಗಿಯನ್ನು ಬಾಸ್ಟನ್‌ನಿಂದ ದೂರಕ್ಕೆ ಕರೆದೊಯ್ಯಬೇಕು. ಬಹುಪಾಲು ನಾವು ಆಡುವುದು ಜೋಯೆಲ್ ಆಗಿ. ಗುಂಡುಗಳು ಕಡಿಮೆ, ಗೋಡೆಯಾಚೆ ಯಾರೋ ನಡೆದಾಡುವ ಸದ್ದು, ಹಿಂದೆ ಆ ಹುಡುಗಿ. ಹುಡುಗಿ ಇರುವ ಅಪ್ಪಂದಿರು ಈ ಗೇಮ್ ಆಡುವಾಗ ಕಂಟ್ರೋಲರನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತಾರೆ ಅಂತ ನನಗೆ ಗೊತ್ತು.

ಕಾಮಿಕ್ಸಿನ ಮೊದಲ ಸಂಚಿಕೆಯನ್ನು ಡಾರ್ಕ್ ಹಾರ್ಸ್ ಪ್ರಕಾಶನ ಹೊರತಂದದ್ದು ಗೇಮ್‌ಗೂ ಮುಂಚೆ, 2013ರ ಏಪ್ರಿಲ್‌ನಲ್ಲಿ. ಒಟ್ಟು ನಾಲ್ಕು ಸಂಚಿಕೆಗಳು. ಗೇಮ್ ಬರೆದ ನೀಲ್ ಡ್ರಕ್‌ಮನ್ ಮತ್ತು ಕೆನಡಾದ ಚಿತ್ರಕಾರ್ತಿ ಫೇತ್ ಎರಿನ್ ಹಿಕ್ಸ್ ಸೇರಿ ಬರೆದದ್ದು. ಚಿತ್ರಗಳು ಹಿಕ್ಸ್ ಅವರದು. ಅಂದರೆ ಮೊದಲ ಓದುಗರು ಇದನ್ನು ಗೇಮ್ ಜೊತೆ ಹೋಲಿಸುವಂತೆಯೇ ಇರಲಿಲ್ಲ. ಅದು ತನ್ನ ಕಾಲ ಮೇಲೆ ನಿಲ್ಲಲೇಬೇಕಿತ್ತು.

ಕಥೆ ಗೇಮ್‌ಗಿಂತ ಹಿಂದಿನದು. ಹದಿಮೂರರ ಎಲಿಯನ್ನು ಬಾಸ್ಟನ್ನಿನ ಸೈನಿಕ ವಸತಿ ಶಾಲೆಗೆ ತಂದು ಬಿಡುತ್ತಾರೆ. ಬಂದ ಕೂಡಲೇ ಕೆಲವು ಹುಡುಗರು ಅವಳ ವಾಕ್‌ಮನ್ ಕಿತ್ತುಕೊಳ್ಳಲು ಬರುತ್ತಾರೆ, ಹೊಡೆದಾಟವಾಗುತ್ತದೆ. ರೈಲಿ ಎಂಬ ದೊಡ್ಡ ಹುಡುಗಿ ನಡುವೆ ಬಂದು ಬಿಡಿಸುತ್ತಾಳೆ. ಎಲಿ ಥ್ಯಾಂಕ್ಸ್ ಹೇಳುವುದಿಲ್ಲ, ಸಿಡುಕುತ್ತಾಳೆ. ಆಮೇಲೆ ನೋಡಿದರೆ ವಾಕ್‌ಮನ್ ಹೊಡೆದವಳು ಆ ರೈಲಿಯೇ! ರಾತ್ರಿ ಅವಳು ಕದ್ದು ಹೊರಗೆ ಹೊರಟಾಗ ಎಲಿ ಹಿಡಿದು, ನನ್ನನ್ನೂ ಕರೆದುಕೊಂಡು ಹೋಗು ಅನ್ನುತ್ತಾಳೆ.

ಮೊದಲ ಸಲ ಓದಿದಾಗ ನನ್ನ ಪಟ್ಟಿಯಲ್ಲಿ ಕೆಂಪು ಗುರುತುಗಳೇ ಜಾಸ್ತಿ. ಗೇಮ್‌ನಲ್ಲಿ ಮುಖದ ಒಂದೊಂದು ಗೆರೆಯೂ ನಿಜದಂತೆ. ಇಲ್ಲಿ ದಪ್ಪ ಬ್ರಷ್ಷಿನ ಗೆರೆ, ಅಗಲ ಕಣ್ಣು. ಗೇಮ್‌ನ ಉಸಿರು ಬಿಗಿಹಿಡಿಯುವ ಭಯ ಇಲ್ಲಿಲ್ಲ. ಜೋಯೆಲ್ ಸುಳಿವೇ ಇಲ್ಲ. ಗೋಡೆಯಾಚೆಯ ಜಗತ್ತು ಎಷ್ಟು ಕೆಟ್ಟದ್ದು ಅಂತ ಹೊಸ ಓದುಗರಿಗೆ ಸಾಕಷ್ಟು ತಿಳಿಯುವುದಿಲ್ಲ. ಕೊನೆಯ ದೂರನ್ನು ನಾನು ಈಗಲೂ ಬಿಟ್ಟಿಲ್ಲ.

ಕಳೆದ ಜೂನ್‌ನಲ್ಲಿ ನಾವು ಬೆಂಗಳೂರಿನಿಂದ ಪುಣೆಗೆ ಬಂದೆವು. ನನ್ನ ಮಗಳಿಗೂ ಈಗ ಹದಿಮೂರು. ಹೊಸ ಶಾಲೆ, ಹೊಸ ಭಾಷೆ. ಮರಾಠಿ ಪಾಠ ಓದಲು ಎದ್ದು ನಿಂತರೆ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ಅವಳ ಟಿಫಿನ್ ಡಬ್ಬಿ ಎರಡು ಸಲ ಕಾಣೆಯಾಗಿ ಆಮೇಲೆ ಕಿಟಕಿಯ ಮೇಲೆ ಸಿಕ್ಕಿತು. ಇದನ್ನು ಹೇಳಿದ್ದು ಅವಳಲ್ಲ, ವ್ಯಾನಿನಲ್ಲಿ ಜೊತೆಗೆ ಬರುವ ಹುಡುಗಿ. ಕ್ಲಾಸ್ ಟೀಚರ್ ಹತ್ತಿರ ಹೋಗಿ ಮಾತಾಡೋಣ ಅಂತ ನಾನು, ಸ್ವಲ್ಪ ತಡೀರಿ ಅಂತ ನನ್ನ ಹೆಂಡತಿ.

ಆ ವಾರಾಂತ್ಯ ಟ್ಯಾಬ್‌ನಲ್ಲಿ ಈ ಮೊದಲ ಸಂಚಿಕೆಯನ್ನು ಮಗಳಿಗೆ ಕೊಟ್ಟೆ. ಬೈಗುಳಗಳಿವೆ, ಆದರೆ ಈ ವಯಸ್ಸಿಗೆ ಅವಳ ಕಿವಿಗೆ ಬೀಳದವೇನಲ್ಲ. ಗೇಮ್ ಅವಳು ಆಡಿಲ್ಲ, ಜೋಯೆಲ್ ಯಾರೆಂದು ಗೊತ್ತಿಲ್ಲ. ಓದಿ ಮುಗಿಸಿದ ಮೇಲೆ, ಕಾಪಾಡಿದವಳ ಮೇಲೇ ಎಲಿ ಸಿಡುಕಿದ್ದು ಸರಿಯಾ ಅಂತ ಕೇಳಿದೆ.

"ಸರಿನೇ ಅಪ್ಪ. ಮೊದಲನೇ ದಿನವೇ ಬೇರೆಯವ್ರು ಬಂದು ಬಿಡಿಸಿದ್ರೆ ವರ್ಷಪೂರ್ತಿ ಅದೇ ಹೆಸರು ಉಳ್ಕೊಳತ್ತೆ."

ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ನಾನು ಟ್ಯಾಬ್ ತೆಗೆದುಕೊಂಡು ಮತ್ತೆ ಮೊದಲಿನಿಂದ ಓದಿದೆ.

ಜೋಯೆಲ್ ಇಲ್ಲದ್ದು ಕೊರತೆ ಅಂತ ನಾನು ಗುರುತು ಹಾಕಿದ್ದೆನಲ್ಲ, ಕಾಮಿಕ್ಸಿನ ಬಲವೇ ಅದು. ಗೇಮ್‌ನಲ್ಲಿ ಎಲಿಗೆ ಅಪಾಯ ಬಂದರೆ ನಾನು ಬಟನ್ ಒತ್ತುತ್ತೇನೆ. ಸೋತರೆ ಅದೇ ಜಾಗದಿಂದ ಮತ್ತೆ ಆಟ. ಕಾಮಿಕ್ಸಿನಲ್ಲಿ ನನ್ನ ಕೈಗೆ ಇರುವ ಕೆಲಸ ಪುಟ ತಿರುಗಿಸುವುದೊಂದೇ. ಹುಡುಗರು ಸುತ್ತುವರಿದಾಗ ನಾನು ನೋಡುತ್ತಾ ಕೂರಬೇಕು, ಅವಳೇ ಹೊಡೆಯಬೇಕು, ಅವಳೇ ಗೆಳತಿಯನ್ನು ಹುಡುಕಿಕೊಳ್ಳಬೇಕು. ಆ ಗೆಳತಿ ಕದಿಯುವವಳಾದರೂ ಸರಿ. ದಪ್ಪ ಗೆರೆಯ ಚಿತ್ರಗಳೂ ಆಗ ಒಗ್ಗಿದವು. ಗೇಮ್‌ನಲ್ಲಿ ಜೋಯೆಲ್ ಕಣ್ಣಿಂದ ಕಂಡ ಎಲಿ, ಇಲ್ಲಿ ತನ್ನ ವಯಸ್ಸಿನವರ ನಡುವೆ ನಿಂತ ಎಲಿ. ಹಿಕ್ಸ್ ಅವರ ಹಿಂದಿನ ಪುಸ್ತಕ 'ಫ್ರೆಂಡ್ಸ್ ವಿತ್ ಬಾಯ್ಸ್' ಕೂಡ, ಮನೆಯಲ್ಲೇ ಓದಿ ಮೊದಲ ಬಾರಿಗೆ ಶಾಲೆಗೆ ಹೋಗುವ ಹುಡುಗಿಯದೇ ಕಥೆ. ಹೊಸ ಶಾಲೆಯ ಕಾರಿಡಾರ್ ಅವರ ಕೈಗೆ ಚೆನ್ನಾಗಿ ಗೊತ್ತು.

ಹಾಗಾಗಿ ನನ್ನ ತೀರ್ಪು: ಗೇಮ್‌ನ ಭಯ ಹುಡುಕಿಕೊಂಡು ಹೋದರೆ ಈ ಸಂಚಿಕೆ ಸಪ್ಪೆ. ಬಾಸ್ಟನ್ನಿನ ಗೋಡೆಯ ಬಗ್ಗೆ ಇನ್ನೆರಡು ಪುಟ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಗೇಮ್ ಕೊಡಲಾಗದ ಒಂದನ್ನು ಇದು ಕೊಡುತ್ತದೆ, ಅದೂ ಗೇಮ್ ಆಡದವರಿಗೂ ಮುಟ್ಟುವಂತೆ. ರೂಪಾಂತರ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಬೇಡ.

ಟೀಚರ್ ಹತ್ತಿರ ನಾನಿನ್ನೂ ಹೋಗಿಲ್ಲ. ಮೊದಲ ಯೂನಿಟ್ ಟೆಸ್ಟ್ ಮುಗಿಯುವವರೆಗೆ ತಾನೇ ನೋಡಿಕೊಳ್ಳುತ್ತೇನೆ, ಆಗದಿದ್ದರೆ ಹೇಳುತ್ತೇನೆ ಅಂದಿದ್ದಾಳೆ. ನಾನು ಒಪ್ಪಿದ್ದೇನೆ, ದಿನ ಎಣಿಸುತ್ತಿದ್ದೇನೆ. ಎರಡನೇ ಸಂಚಿಕೆ ಯಾವಾಗ ಕೊಡ್ತೀಯ ಅಂತ ಅವಳು ಎರಡು ಸಲ ಕೇಳಿಯಾಯಿತು.