ಪತ್ರದ ಮೇಲಿನ ಹೆಸರು

ಅಂಚೆಚೀಟಿ, ನಾಣ್ಯಗಳನ್ನು ಸಂಗ್ರಹಿಸುವವರು ನಮ್ಮ ಧರ್ಮಕೇಂದ್ರಗಳಲ್ಲಿ ಅನೇಕರಿದ್ದಾರೆ. ಆದರೆ ಹಳೆಯ ವಿಮಾನ ಕಂಪನಿಗಳ ಷೇರು ಪತ್ರಗಳನ್ನು ನಾನು ಕೂಡಿಡುತ್ತೇನೆಂದರೆ ಕೇಳಿದವರು ನಗುತ್ತಾರೆ. ಮುಚ್ಚಿಹೋದ ಕಂಪನಿಯ ಕಾಗದದಿಂದೇನು ಲಾಭ ಎಂಬುದು ಅವರ ಪ್ರಶ್ನೆ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾರವರು ಕರಾಚಿಯಿಂದ ಮುಂಬಯಿಗೆ ಅಂಚೆಯನ್ನು ಹೊತ್ತು ಹಾರಿದರು. ಆ ಅಂಚೆಯು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದ್ರಾಸಿಗೆ ಸಾಗಿತು. ಆ ಸೇವೆಯೇ 1946ರಲ್ಲಿ ಏರ್ ಇಂಡಿಯಾ ಎಂಬ ಸಾರ್ವಜನಿಕ ಕಂಪನಿಯಾಯಿತು. 1953ರಲ್ಲಿ ಸರ್ಕಾರವು ಎಂಟು ಖಾಸಗಿ ಕಂಪನಿಗಳನ್ನು ಒಂದುಗೂಡಿಸಿ ಇಂಡಿಯನ್ ಏರ್‌ಲೈನ್ಸನ್ನು ರಚಿಸಿದಾಗ ಅವುಗಳ ಷೇರು ಪತ್ರಗಳ ಕಾಲವೂ ಮುಗಿಯಿತು. ಅಮೆರಿಕದಲ್ಲಿ 1927ರಲ್ಲಿ ಹುಟ್ಟಿ ಜಗತ್ತನ್ನೇ ಸುತ್ತಿದ ಪ್ಯಾನ್ ಅಮೆರಿಕನ್ ಕೂಡ 1991ರಲ್ಲಿ ನಿಂತುಹೋಯಿತು. 2006ರಲ್ಲಿ ಬೆಂಗಳೂರಿನ ಏರ್ ಡೆಕ್ಕನ್‌ನ ಷೇರುಗಳು ಮಾರುಕಟ್ಟೆಗೆ ಬರುವ ವೇಳೆಗೆ ಷೇರಿನ ಲೆಕ್ಕವೆಲ್ಲ ಗಣಕಯಂತ್ರಕ್ಕೆ ಸೇರಿತ್ತು.

ನಕಲು ಮಾಡಲಾಗದಂತೆ ಕೆತ್ತಿದ ಅಂಚು, ಕಂಪನಿಯ ಮುದ್ರೆ, ನಿರ್ದೇಶಕರ ಸಹಿ, ನಡುವೆ ಒಬ್ಬ ಮನುಷ್ಯನ ಹೆಸರು: ಹಳೆಯ ಪತ್ರದ ಸ್ವರೂಪವಿಷ್ಟೇ. ಹಕ್ಕು ತೀರಿದ ಪತ್ರಕ್ಕೆ ಅನೇಕ ವೇಳೆ ರಂಧ್ರಗಳನ್ನು ಹಾಕಿರುತ್ತಾರೆ. ರಂಧ್ರವಿಲ್ಲದ ಪತ್ರವನ್ನು ಕಂಡಾಗಲೆಲ್ಲ, ಇದನ್ನು ನಂಬಿ ಕಾಯ್ದವರು ಯಾರೋ ಎಂದು ಯೋಚಿಸುತ್ತೇನೆ.

ಕಳೆದ ಮಳೆಗಾಲದಲ್ಲಿ ಸಾಂಬ್ರಾಣಿಯ ತಾಯಿಯೊಬ್ಬರು ಅಗಲಿದ ಪತಿಯ ಪೆಟ್ಟಿಗೆಯಲ್ಲಿ ದೊರೆತ ಷೇರು ಪತ್ರವೊಂದನ್ನು ತಂದು, "ನಿಮಗೆ ಬೇಕಾದರೆ ಇಟ್ಟುಕೊಳ್ಳಿ" ಎಂದರು. ಅದು ವಿಮಾನ ಕಂಪನಿಯದಲ್ಲ, ಕಾರ್ಖಾನೆಯೊಂದರದು. ಆದರೂ ಅದರ ಚೆಲುವಿಗೆ ನನ್ನ ಮನಸ್ಸು ಸೋತಿತು. ರಂಧ್ರವಿರಲಿಲ್ಲ; ವಿಚಾರಿಸಲಾಗಿ ಕಂಪನಿಯು ಬೇರೊಂದು ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆಯೆಂದು ತಿಳಿಯಿತು. ಏಳು ವರ್ಷ ಸತತವಾಗಿ ಲಾಭಾಂಶವನ್ನು ಪಡೆಯದಿದ್ದರೆ ಷೇರುಗಳು ಕೇಂದ್ರ ಸರ್ಕಾರದ ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗುತ್ತವೆ. ಆದರೂ ವಾರಸುದಾರರು ದಾಖಲೆ ಸಲ್ಲಿಸಿ ಅವನ್ನು ಕೇಳಿ ಪಡೆಯಬಹುದು. ಇದನ್ನು ತಿಳಿಸಿ ಪತ್ರವನ್ನು ಅವರ ಕೈಗೇ ಮರಳಿಸಿದೆ. ಅರ್ಜಿಯ ಕೆಲಸ ಈಗ ನಡೆಯುತ್ತಿದೆ.

ನುಸಿಯೂ ತುಕ್ಕೂ ಮುಟ್ಟದ ಸಂಪತ್ತಿನ ಕುರಿತು ಪ್ರಭು ಯೇಸು ಬೋಧಿಸಿದ್ದಾರೆ. ನಮ್ಮ ಕಾಡಿನ ಸೀಮೆಯ ತೇವದಲ್ಲಿ ಕಾಗದ ಬಹುಕಾಲ ಬಾಳದೆಂಬುದು ನಮಗೆಲ್ಲ ಗೊತ್ತು. ನನ್ನ ಸಂಗ್ರಹಕ್ಕೂ ಅದೇ ಗತಿ. ಆದರೆ ವಿಧವೆಯೊಬ್ಬಳ ಪಾಲನ್ನು ಅಂದವಾದ ಕಾಗದವೆಂದು ಇಟ್ಟುಕೊಂಡಿದ್ದರೆ, ನುಸಿ ಹಿಡಿಯುತ್ತಿದ್ದುದು ಕಾಗದಕ್ಕಲ್ಲ. ಪ್ರಿಯ ಓದುಗರೇ, ಹಿರಿಯರ ಪೆಟ್ಟಿಗೆಯ ಕಾಗದಗಳನ್ನು ರದ್ದಿಗೆ ಹಾಕುವ ಮುನ್ನ ಅವುಗಳ ಮೇಲಿನ ಹೆಸರನ್ನೊಮ್ಮೆ ಓದಿರಿ.