ಹೆಂಡದಂಗಡಿ ಮನೆಯ ಗದ್ದೆ

ಜಪಾನಲ್ಲಿದೀನಿ ಅಂದ ತಕ್ಷಣ ಎದುರಿಗಿದ್ದವರ ಕಣ್ಣಲ್ಲಿ ಬುಲೆಟ್ ಟ್ರೇನ್ ಓಡೋಕೆ ಶುರುವಾಗುತ್ತೆ. ಶಿಬುಯಾ ಕ್ರಾಸಿಂಗು, ರೋಬೋಟು, ಬಿಸಿನೀರು ಚಿಮ್ಮಿಸೋ ಕಮೋಡು. "ಲಕ್ಕಿ ಮಗಾ ನೀನು" ಅಂತಾರೆ. ಕಮೋಡಿನ ವಿಷಯ ನಿಜ. ಉಳಿದದ್ದನ್ನೆಲ್ಲ ನೋಡ್ಬೇಕು ಅಂದ್ರೆ ನಾನೂ ನಿಮ್ಮ ಹಾಗೇ ಯೂಟ್ಯೂಬ್ ತೆಗೀಬೇಕು. ನಾನಿರೋ ಊರಿಗೆ ದಿನಕ್ಕೆ ನಾಲ್ಕು ಬಸ್ಸು, ಭಾನುವಾರ ಅದೂ ಇಲ್ಲ. ಟೋಕಿಯೋದಿಂದ ಎಚಿಗೋ-ಯುಝಾವಾವರೆಗೆ ಬುಲೆಟ್ ಟ್ರೇನಲ್ಲಿ ಸುಮಾರು 80 ನಿಮಿಷ, ಅಲ್ಲಿಂದ ಹೊಕುಹೊಕು ಲೈನಿನ ಪುಟ್ಟ ರೈಲಲ್ಲಿ ತೋಕಾಮಾಚಿ, ಅಲ್ಲಿಂದ ಗುಡ್ಡ ಹತ್ತಬೇಕು. ನೀಗಾತಾ ಪ್ರಾಂತ್ಯ. ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ, ಅರ್ಧ ವರ್ಷ ಹಿಮ. ನಮ್ಮ ಕೇರಿಯಲ್ಲಿ ಜನ ಇರೋ ಮನೆ 11. ಜನ ಇಲ್ಲದ ಮನೆ ಅದಕ್ಕಿಂತ ಜಾಸ್ತಿ.

ಇಲ್ಲಿಗೆ ಬಂದು ಬಿದ್ದದ್ದು ಹೇಗೆ ಅಂತ ಉದ್ದಕ್ಕೆ ಹೇಳಲ್ಲ. ಬೆಂಗಳೂರಿನ ಕೆಲಸ ಟೋಕಿಯೋಕ್ಕೆ ಕರ್ಕೊಂಡು ಬಂತು, ಕೊರೋನಾ ಬಂದು ಆಫೀಸು ಮನೆಗೆ ಬಂತು, 2022ರಲ್ಲಿ ನಾವು ಮನೆಯನ್ನೇ ಗುಡ್ಡಕ್ಕೆ ತಂದ್ವಿ. ಇಲ್ಲಿನ ಊರಾಡಳಿತಗಳು 'ಖಾಲಿ ಮನೆ ಬ್ಯಾಂಕ್' ಅಂತ ನಡೆಸ್ತವೆ. ಮನೆ ಬಿಟ್ಟು ಹೋದವರ ಮನೆಗಳ ಪಟ್ಟಿ ಅದು. 2023ರ ಸರ್ಕಾರಿ ಸಮೀಕ್ಷೆ ಪ್ರಕಾರ ಜಪಾನಲ್ಲಿ 90 ಲಕ್ಷ ಮನೆ ಖಾಲಿ ಇವೆ, ಒಟ್ಟು ಮನೆಗಳಲ್ಲಿ ಶೇಕಡ 13.8. ಅದರಲ್ಲೊಂದು ನಮಗೆ ತಿಂಗಳಿಗೆ 25 ಸಾವಿರ ಯೆನ್ ಬಾಡಿಗೆಗೆ ಸಿಕ್ತು. ಟೋಕಿಯೋದಲ್ಲಿ ನಮ್ಮ ಸೈಕಲ್ಲು, ಸೂಟ್‌ಕೇಸು ಎರಡೂ ಒಟ್ಟಿಗೆ ಹಿಡಿಸದಂಥ ಮನೆಗೆ ಅದರ ನಾಲ್ಕು ಪಟ್ಟು ಕೊಡ್ತಿದ್ವಿ. ಜಯನಗರದಲ್ಲಿ ಹುಟ್ಟಿ ಬೆಳೆದ ನನ್ನ ಹೆಂಡತಿ ಮನೆ ನೋಡಿ "ಇದು ನಿಮ್ಮೂರ ಮನೆ ಥರಾನೇ ಇದೆ ಕಣೋ, ಇಲ್ಲೂ ಬಚ್ಚಲು ಆ ತುದೀಲಿ" ಅಂದಳು.

ನಮ್ಮೂರು ಸಾಗರ ತಾಲ್ಲೂಕು. ಅವಳು ಹೇಳಿದ್ದು ತಮಾಷೆಗೆ, ಆದರೆ ಹೋಲಿಕೆ ಬಚ್ಚಲಿಗೆ ನಿಲ್ಲಲಿಲ್ಲ. ಕೇರಿಯ ಅರ್ಧ ಜನಕ್ಕೆ ಒಂದೇ ಅಡ್ಡಹೆಸರು, ಹಾಗಾಗಿ ಯಾರೂ ಅಡ್ಡಹೆಸರಿಂದ ಕರೆಯಲ್ಲ. ಮನೆಗೊಂದು ಹೆಸರು, ಅದನ್ನ 'ಯಾಗೋ' ಅಂತಾರೆ. ನಮ್ಮ ಕಡೆ ಮೇಲಿನಮನೆ, ಹೊಸಮನೆ, ಮೂಲೆಮನೆ ಅಂತ ಇಲ್ವಾ, ಥೇಟ್ ಹಾಗೇ. ಪಕ್ಕದ ಅಜ್ಜಿ 'ಕಾಮಿ', ಅಂದ್ರೆ ಮೇಲಿನಮನೆ. ನಾವಿರೋ ಮನೇಲಿ ಯಾವುದೋ ಕಾಲದಲ್ಲಿ ಸಾಕೆ ಮಾರ್ತಿದ್ರಂತೆ, ಆದ್ದರಿಂದ ನಾವು 'ಸಾಕಾಯಾ'. ಹೆಂಡದಂಗಡಿ ಮನೆಯವರು. ಬಿಯರನ್ನೂ ಮುಟ್ಟದ ಅಪ್ಪಯ್ಯಂಗೆ ಮಗನ ಈ ಬಿರುದು ಇನ್ನೂ ಹೇಳಿಲ್ಲ.

ಭಾಷೆ ಬಗ್ಗೆ ಎಲ್ಲರೂ ಕೇಳ್ತಾರೆ. ಲಿಪಿ ಜೀವ ತೆಗೆಯುತ್ತೆ, ನಿಜ. ಆದರೆ ವಾಕ್ಯ ಕಟ್ಟೋದು ಕನ್ನಡದವರಿಗೆ ಅಂಥ ಕಷ್ಟ ಅಲ್ಲ. ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ಬಾಲಕ್ಕೆ. ನಾವು "ಬರ್ತೀನಿ ಅಂತ ಹೇಳಿದ" ಅಂತೀವಲ್ಲ, ಆ 'ಅಂತ' ಇರೋ ಜಾಗದಲ್ಲೇ ಅವರೊಂದು 'ತೊ' ಇಡ್ತಾರೆ. ಇನ್ನೂ ಮಜಾ ಇರೋದು ಮುಯ್ಯಿಯಲ್ಲಿ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು ಅಂತ ಆಳು ಬದಲಾಯಿಸಿಕೊಳ್ಳೋದಕ್ಕೆ ನಮ್ಮಲ್ಲಿ ಮುಯ್ಯಿ, ಮುಯ್ಯಾಳು ಅಂತೀವಿ. ಇವರು ಅದಕ್ಕೆ 'ಯುಯಿ' ಅಂತಾರೆ. ಸಂಬಂಧ ಏನೂ ಇರಲಿಕ್ಕಿಲ್ಲ. ಜಪಾನಿಗೂ ತಮಿಳಿಗೂ ನಂಟಿದೆ ಅಂತ ಓನೋ ಸುಸುಮು ಅನ್ನೋ ವಿದ್ವಾಂಸರು ವರ್ಷಗಟ್ಟಲೆ ವಾದಿಸಿದರೂ ಹೆಚ್ಚಿನ ಭಾಷಾಶಾಸ್ತ್ರಜ್ಞರು ಒಪ್ಪಲಿಲ್ಲ. ನಾನೊಬ್ಬ ಸಾಫ್ಟ್‌ವೇರ್‌ನವನು ಒಪ್ಪಿಸೋಕೆ ಹೋಗಲ್ಲ. ಆದರೂ ಮೊದಲ ಸಲ ಕೇಳಿದ ದಿನ ಸಣ್ಣಗೆ ರೋಮಾಂಚನ ಆದದ್ದು ಹೌದು.

ಹಳ್ಳಿ ಅಂದ್ರೆ ಶಾಂತಿ, ಧ್ಯಾನ, ಹಕ್ಕಿ ಕೂಗು ಅಂತ ವೀಕೆಂಡಿಗೆ ಹೋಂಸ್ಟೇ ಹುಡುಕೋ ಗೆಳೆಯರಿಗೆ ಒಂದು ಮಾತು. ಇಲ್ಲಿ ಮೈಮುರಿಯೋಷ್ಟು ಕೆಲಸ ಇದೆ, ಅದೂ ಸಂಬಳ ಇಲ್ಲದ್ದು. ಏಪ್ರಿಲ್ ಕೊನೆಗೆ ಹಿಮ ಕರಗಿದ ಮೇಲೆ ಎಲ್ಲರೂ ಸೇರಿ ಕಾಲುವೆ ಹೂಳೆತ್ತಬೇಕು. ಬೇಸಿಗೆಯಲ್ಲಿ ರಸ್ತೆ ಬದಿ ಹುಲ್ಲು ಸವರಬೇಕು, ಬೆಳಿಗ್ಗೆ 5:30ಕ್ಕೇ ಶುರು. ಸರದಿ ಪ್ರಕಾರ ಕಸದ ಕಟ್ಟೆ ಗುಡಿಸಬೇಕು. ಮನೆಯಿಂದ ಮನೆಗೆ ಹೋಗೋ ಸುತ್ತೋಲೆ ಹಲಗೆಯೊಂದಿದೆ, ಬಂದ ದಿನವೇ ಓದಿ, ಮುದ್ರೆ ಒತ್ತಿ, ಮುಂದಿನ ಮನೆಗೆ ದಾಟಿಸಬೇಕು. ವಾಟ್ಸಾಪ್ ಗ್ರೂಪಿಗಿಂತ ಇದು ವಾಸಿ, ಯಾರೂ ಗುಡ್ ಮಾರ್ನಿಂಗ್ ಹೂವು ಕಳಿಸಲ್ಲ. ಸಂಜೆ ಐದಕ್ಕೆ ಕಂಬದ ಮೇಲಿನ ಲೌಡ್‌ಸ್ಪೀಕರ್ ಒಂದು ಹಾಡು ನುಡಿಸುತ್ತೆ. ಅದೇ ಸ್ಪೀಕರಲ್ಲಿ ಕರಡಿ ಕಂಡ ಸುದ್ದಿ ಬರುತ್ತೆ, ಮನೆ ಬಿಟ್ಟು ಹೋಗಿ ದಾರಿ ತಪ್ಪಿದ ವೃದ್ಧರ ಸುದ್ದಿಯೂ ಬರುತ್ತೆ. ಎತ್ತರ ಇಷ್ಟು, ಹಾಕಿದ್ದ ಅಂಗಿ ಈ ಬಣ್ಣ, ಕಂಡವರು ತಿಳಿಸಿ. ನನ್ನ ಮೀಟಿಂಗಿನ ಮಧ್ಯೆ ಹಿಂದೆ ಅದು ಕೇಳಿಸಿದಾಗ ಟೋಕಿಯೋದ ಸಹೋದ್ಯೋಗಿಗಳು ಒಂದು ಕ್ಷಣ ಸುಮ್ಮನಾಗ್ತಾರೆ.

ಮೇಲಿನಮನೆ ಅಜ್ಜಿಗೆ 84. ಗಂಡ ಹೋಗಿ ಹತ್ತು ವರ್ಷ, ಮಗ ಸೈತಾಮಾದಲ್ಲಿ. ಅವರ ಜೊತೆ ನಮ್ಮ ಸ್ನೇಹ ಕುದುರಿದ್ದು ಕೆಸುವಿನ ಎಲೆಯಿಂದ. ಇವರು ಕೆಸುವಿನ ಗೆಡ್ಡೆ ತಿಂತಾರೆ, ದಂಟನ್ನ ಒಣಗಿಸಿಟ್ಟು ತಿಂತಾರೆ, ಎಲೆಯನ್ನ ಮಾತ್ರ ಗದ್ದೆ ಬದಿಗೆ ಎಸೀತಾರೆ. ನನಗೆ ಸಂಕಟ. ಕೇಳಿ ತಂದು, ಹುಣಸೆಹಣ್ಣು ಮೆಣಸು ಹಾಕಿ ರುಬ್ಬಿದ ಅಕ್ಕಿಹಿಟ್ಟು ಬಳಿದು, ಸುತ್ತಿ ಬೇಯಿಸಿ ಪತ್ರೊಡೆ ಮಾಡಿ ಒಯ್ದು ಕೊಟ್ವಿ. ಅಜ್ಜಿ ತಟ್ಟೆಯನ್ನೇ ಐದು ನಿಮಿಷ ನೋಡಿದರು. ತಾನು ಚಿಕ್ಕವಳಿದ್ದಾಗ ತಾನಾಬಾತಾ ಹಬ್ಬದ ಬೆಳಿಗ್ಗೆ ಈ ಎಲೆ ಮೇಲಿನ ಇಬ್ಬನಿ ಕೂಡಿಸಿ ಅದರಲ್ಲಿ ಶಾಯಿ ತೇಯ್ತಿದ್ವಿ, ಹರಕೆ ಬರೆಯೋಕೆ, ತಿನ್ನಬಹುದು ಅಂತ ಗೊತ್ತಿರಲಿಲ್ಲ ಅಂದರು. ಮೂರು ತುಂಡು ತಿಂದರು. ಮುಂದಿನ ವರ್ಷದಿಂದ ಎಲೆ ಕಟ್ಟು ನಮ್ಮ ಬಾಗಿಲಿಗೇ ಬರ್ತಿದೆ.

2024ರ ಜನವರಿ 1, ಸಂಜೆ 4:10. ನೋತೋ ಭೂಕಂಪ, ತೀವ್ರತೆ 7.6. ಕೇಂದ್ರ ನಮ್ಮಿಂದ ದೂರ, ಆದರೂ ಎರಡೂ ಫೋನು ಒಟ್ಟಿಗೆ ಕಿರುಚಿದವು, ಹಳೇ ಮನೆಯ ತೊಲೆಗಳು ದೋಣಿ ಹಾಗೆ ಕಿರಗುಟ್ಟಿದವು. ನಾವಿಬ್ಬರೂ ಮೇಜಿನ ಕೆಳಗೆ. ನಿಂತಮೇಲೆ ಅಜ್ಜಿ ಏನಾದ್ರೋ ಅಂತ ಬೂಟು ಹುಡುಕ್ತಿದ್ದೆ, ಅಷ್ಟರಲ್ಲಿ ಬಾಗಿಲು ಸರಿಸಿ ಅವರೇ ನಿಂತಿದ್ದರು. "ದೈಜೋಬು ಕಾ?" ಪರವಾಗಿಲ್ವಾ? ಕೈಲಿ ಟಾರ್ಚು, ಗ್ಯಾಸ್ ಆಫ್ ಮಾಡಿದ್ರಾ ಅಂತ ವಿಚಾರಣೆ. 2004ರ ಅಕ್ಟೋಬರ್ 23ರಂದು ಇದೇ ಪ್ರಾಂತ್ಯದಲ್ಲಿ 6.8ರ ಭೂಕಂಪ ಆಗಿ 68 ಜನ ಸತ್ತರು. ಅದನ್ನ ಕಂಡವರು ಅಜ್ಜಿ. "ಆಗ ಹೋದವರು ವಾಪಸ್ ಬರಲಿಲ್ಲ, ನೀವು ಹೊಸಬರು, ಹೆದರಿ ಹೋಗಿಬಿಡ್ತೀರೇನೋ ಅಂತ ನೋಡೋಕೆ ಬಂದೆ" ಅಂದರು. ಆ ಮಾತಿನಲ್ಲಿ ಅರ್ಧ ನಗು ಇತ್ತು, ಅರ್ಧ ಇರಲಿಲ್ಲ.

ಆ ಚಳಿಗಾಲ ಹಿಮ ಕಡಿಮೆ. ಮುಂದಿನದು ಅದರ ಬಡ್ಡಿ ಸಮೇತ ವಸೂಲು ಮಾಡ್ತು. 2025ರ ಫೆಬ್ರವರಿಯಲ್ಲಿ ನಮ್ಮ ಕೆಳಗಿನ ಕಿಟಕಿಗಳು ಮುಚ್ಚಿಹೋಗಿ ಹಗಲೂ ದೀಪ ಹಾಕಬೇಕಿತ್ತು. ಇಲ್ಲಿ ಪಕ್ಕದ ಮನೆಯವರು ಎದ್ದಿದಾರಾ ಅಂತ ತಿಳಿಯೋದು ಬಾಗಿಲ ಮುಂದಿನ ದಾರಿ ನೋಡಿ. ಅಜ್ಜಿ ಪ್ರತಿದಿನ ಆರು ಗಂಟೆಗೆ ಹಿಮ ತುಳಿದು ತುಳಿದು ರಸ್ತೆವರೆಗೆ ಕಾಲುದಾರಿ ಮಾಡ್ತಿದ್ದರು. ಒಂದು ಬೆಳಿಗ್ಗೆ ಆರೂವರೆಗೆ ನೋಡ್ತೀನಿ, ಮೇಲಿನಮನೆ ಮುಂದೆ ಹಿಮ ಬಿಳಿ ಹಾಳೆ ಹಾಗೆ ಬಿದ್ದಿದೆ. ಒಂದು ಹೆಜ್ಜೆ ಇಲ್ಲ.

ಸೊಂಟದವರೆಗೆ ಹೂತುಕೊಂಡು ಹೋದೆ. ಹಿಂದೆ ಹೆಂಡತಿ ಸಲಿಕೆ ಹಿಡಿದು. ಅಜ್ಜಿ ಒಳಗೆ ಮಣ್ಣುನೆಲದ ಪಡಸಾಲೆಯಲ್ಲಿ ಬಿದ್ದಿದ್ದರು, ರಾತ್ರಿಯೇ. ಏಳಲಾಗದೆ ಕೈಗೆ ಸಿಕ್ಕ ಕಂಬಳಿ ಎಳೆದುಕೊಂಡು ಸುತ್ತಿಕೊಂಡಿದ್ದರು. ಎಚ್ಚರ ಇತ್ತು. ತುಟಿ ನೀಲಿ. ನಾನು 119ಕ್ಕೆ ಫೋನ್ ಮಾಡಿದೆ, ಹೆಂಡತಿ ಅವರ ಕೈ ತನ್ನ ಜಾಕೆಟ್ ಒಳಗಿಟ್ಟುಕೊಂಡು ಕೂತಳು. ಆಂಬುಲೆನ್ಸ್ ರಸ್ತೆವರೆಗೆ ಬರುತ್ತೆ, ರಸ್ತೆಯಿಂದ ಮನೆಗೆ 60 ಮೀಟರ್ ದಾರಿ ಯಾರು ಬಿಡಿಸ್ತಾರೆ? ಕೇರಿಯ ಮುಖ್ಯಸ್ಥರಿಗೊಂದು ಕರೆ ಹೋಯ್ತು. ಹತ್ತು ನಿಮಿಷದಲ್ಲಿ ಏಳು ಜನ ಸಲಿಕೆ ಹಿಡಿದು ಸಾಲಾಗಿ ನಿಂತಿದ್ದರು, ಅವರಲ್ಲಿ ಅತಿ ಚಿಕ್ಕವರಿಗೆ 67 ವರ್ಷ. ಯಾರೂ ಕೂಗಾಡಲಿಲ್ಲ, ಯಾರೂ ಸಲಹೆ ಕೊಡಲಿಲ್ಲ. ಎಡಗಡೆಯವರು ಎಡಕ್ಕೆ ಎಸೆದರು, ಬಲಗಡೆಯವರು ಬಲಕ್ಕೆ. ಆಂಬುಲೆನ್ಸ್ ಬರೋದಕ್ಕೆ ಮೊದಲೇ ದಾರಿ ಆಗಿತ್ತು. ಜಾರುಬಂಡಿ ಮೇಲೆ ಅಜ್ಜಿಯನ್ನ ಮಲಗಿಸಿ ಎಳೆದವನು ನಾನು, ಏಕೆಂದರೆ ಹುಡುಗ ನಾನೇ. ಎಳೀತಿರುವಾಗ ಅಜ್ಜಿ ಏನೋ ಗೊಣಗಿದರು. ಬಗ್ಗಿ ಕೇಳಿದರೆ, ಉಪ್ಪಿನಕಾಯಿ ಪೀಪಾಯಿ ಮುಚ್ಚಳ ಹಾಕಿಲ್ಲ ಅಂತ.

ಅವತ್ತು ನನ್ನ ಹತ್ತು ಗಂಟೆ ಮೀಟಿಂಗಿನಲ್ಲಿ ಬಟನ್ನಿನ ಬಣ್ಣದ ಬಗ್ಗೆ ನಲವತ್ತು ನಿಮಿಷ ಚರ್ಚೆ ನಡೀತು.

ಸೊಂಟದ ಮೂಳೆ. ಅಜ್ಜಿ ಏಪ್ರಿಲಲ್ಲಿ ತಳ್ಳುಗಾಡಿ ಹಿಡಿದು ವಾಪಸ್ ಬಂದರು. ಮಗ ಸೈತಾಮಾಕ್ಕೆ ಬಾ ಅಂತ ಕರೆದ, ಇವರು ಹೋಗಲಿಲ್ಲ. ಆದರೆ ಗದ್ದೆ ಬಿಡ್ತೀನಿ ಅಂದರು. ಸಣ್ಣಸಣ್ಣ ನಾಲ್ಕು ಗದ್ದೆ, ಎಲ್ಲಾ ಸೇರಿ ನಮ್ಮೂರ ಎಂಟು ಗುಂಟೆ ಆಗಬಹುದು. ಬಿಟ್ಟರೆ ಬಿಡಲಿ ಅನ್ನೋ ಹಾಗಿಲ್ಲ. ಕೆಳಗಿನ ಮೂರು ಮನೆಯವರ ಗದ್ದೆಗೆ ನೀರು ಇಳಿಯೋದು ಅಜ್ಜಿ ಗದ್ದೆಯ ಮೂಲಕ. ಮೆಟ್ಟಿಲುಗದ್ದೆ ಒಂದು ವರ್ಷ ಒಣಗಿದರೆ ತಳ ಬಿರಿಯುತ್ತೆ, ಮರುವರ್ಷ ನೀರು ಅಲ್ಲೇ ಇಳಿದು ಹಾಳಿ ಜರಿಯುತ್ತೆ. ಮೇಲಿನವನು ಬಿಟ್ಟರೆ ಕೆಳಗಿನವನಿಗೆ ಗದ್ದೆ ಇಲ್ಲ, ಇದನ್ನ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ವಿಚಿತ್ರ ನೋಡಿ. ಅದೇ ವಸಂತದಲ್ಲಿ ಜಪಾನಿನ ಅಂಗಡಿಗಳಲ್ಲಿ 5 ಕೆಜಿ ಅಕ್ಕಿ 4,000 ಯೆನ್ ದಾಟಿತ್ತು, ಹಿಂದಿನ ವರ್ಷದ ಎರಡರಷ್ಟು. ಸರ್ಕಾರ ತುರ್ತಿಗೆ ಇಟ್ಟ ದಾಸ್ತಾನು ತೆಗೆದು ಹರಾಜು ಹಾಕ್ತಿತ್ತು. ಟೋಕಿಯೋದ ಸಹೋದ್ಯೋಗಿಗಳು "ನಿಮ್ಮ ಕಡೆ ಅಕ್ಕಿ ಸಿಗುತ್ತಾ?" ಅಂತ ನನಗೆ ಪಿಂಗ್ ಮಾಡ್ತಿದ್ದರು. ಸುಮಾರು ಅರ್ಧ ಶತಮಾನ ಕಾಲ ಇದೇ ದೇಶ ಅಕ್ಕಿ ಜಾಸ್ತಿಯಾಯ್ತು, ಗದ್ದೆ ಕಡಿಮೆ ಮಾಡಿ ಅಂತ ರೈತರಿಗೆ ದುಡ್ಡು ಕೊಟ್ಟಿತ್ತು. 2018ರಲ್ಲಿ ಅದನ್ನ ನಿಲ್ಲಿಸುವಷ್ಟರಲ್ಲಿ ಕಡಿಮೆ ಮಾಡೋಕೆ ರೈತರೇ ಉಳಿದಿರಲಿಲ್ಲ. 2024ರಲ್ಲಿ ಇದ್ದವರ ಸರಾಸರಿ ವಯಸ್ಸು 69ರ ಆಸುಪಾಸು ಇತ್ತು.

ಕೇರಿಯ ಸಭೆಯಲ್ಲಿ ಮುಖ್ಯಸ್ಥರು ಚಹಾ ಸುರಿಯುತ್ತಾ ನನ್ನ ಕಡೆ ನೋಡಿದರು. "ಸಾಕಾಯಾ-ಸಾನ್, ನಿಮ್ಮ ತಂದೆಯವರದ್ದು ಗದ್ದೆ ಅಂದಿದ್ರಿ ಅಲ್ವಾ?"

ಕಾನೂನಿನ ಗಂಟುಗಳಿದ್ದವು. ಇಲ್ಲಿ ಕೃಷಿ ಸಮಿತಿಯ ಒಪ್ಪಿಗೆ ಇಲ್ಲದೆ ಕೃಷಿಭೂಮಿ ಕೈ ಬದಲಾಗಲ್ಲ. ನನ್ನ ವೀಸಾ ಎಂಜಿನಿಯರಿನದ್ದು, ಬೆಳೆದು ಮಾರೋ ಹಾಗಿಲ್ಲ. ಹಾಗಾಗಿ ಗದ್ದೆ ಅಜ್ಜಿಯದ್ದೇ, ನಾನು ಮುಯ್ಯಾಳು, ಊಟಕ್ಕಾಗುವಷ್ಟು ಅಕ್ಕಿ ಕೂಲಿ. ಇದೆಲ್ಲ ಹತ್ತು ನಿಮಿಷದಲ್ಲಿ ಬಗೆಹರಿಯಿತು. ಬಗೆಹರಿಯದೇ ಇದ್ದದ್ದು ಬೇರೆ. ಅದಕ್ಕೆ ಸರಿಯಾಗಿ ಎರಡು ವಾರ ಮೊದಲು ಅಪ್ಪಯ್ಯ ಫೋನ್ ಮಾಡಿದ್ದರು: ನೆಟ್ಟಿಗೆ ಜನ ಸಿಗ್ತಿಲ್ಲ, ಮಂಡಿನೋವು, ಗದ್ದೆಯನ್ನ ಶುಂಠಿಗೆ ಲೀಸ್ ಕೇಳೋಕೆ ಬಂದಿದಾರೆ, ಏನು ಮಾಡೋದು ಅಂತ. ನಾನು "ನಿಮಗೆ ಹೇಗೆ ಅನುಕೂಲವೋ ಹಾಗೆ ಮಾಡಿ" ಅಂದಿದ್ದೆ. ದೂರದಲ್ಲಿರೋ ಮಗ ಇನ್ನೇನು ಹೇಳಬಹುದು? ನಮ್ಮೂರಲ್ಲೂ ಈಗ ಮನೆಗೆ ಇಬ್ಬಿಬ್ಬರು ವಯಸ್ಸಾದವರು, ಒಂದು ನಾಯಿ, ಒಂದು ಸಿಸಿಟಿವಿ.

ಸಭೆ ಮುಗಿಸಿ ಬರುವಾಗ ಹೆಂಡತಿ ಕೇಳಿದಳು, "ಇದನ್ನ ಅಪ್ಪಯ್ಯಂಗೆ ಹೇಗೆ ಹೇಳ್ತೀಯ?"

ಮೂರು ದಿನ ಬಿಟ್ಟು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬಂದದ್ದು ಪ್ರಶ್ನೆ. "ನೀರು ಎಲ್ಲಿಂದ್ ಬತ್ತದಾ?" ಹಿಮ ಕರಗಿದ್ದು, ಮೇಲೆ ಒಂದು ಕೆರೆ ಇದೆ ಅಂದೆ. "ಅಗೆ ಯಾರು ಹಾಕ್ತಾರೆ?" ಸಹಕಾರಿ ಸಂಘದಿಂದ ಟ್ರೇ ಲೆಕ್ಕದಲ್ಲಿ ಸಸಿ ಬರುತ್ತೆ ಅಂದೆ. "ಥೋ, ಟ್ರೇಯಲ್ಲಾ?" ಅಂದರು. ಶುಂಠಿ ಮಾತು ಇಬ್ಬರೂ ಎತ್ತಲಿಲ್ಲ.

ಮೇ ಕೊನೆಯ ಶನಿವಾರ ನಾಟಿ. ನಡುವೆ ಪುಟ್ಟ ಯಂತ್ರ ಓಡಿತು, ಡೊಂಕು ಮೂಲೆಗಳು ಕೈಗೆ ಬಿಟ್ಟದ್ದು. ಹೆಂಡತಿ ಹಾಳಿ ಮೇಲೆ ನಿಂತು ವಿಡಿಯೋ ಕಾಲ್ ಹಚ್ಚಿದಳು. ಅಜ್ಜಿ ಪಕ್ಕದಲ್ಲೇ ತಳ್ಳುಗಾಡಿ ಮೇಲೆ ಕೂತಿದ್ದರು. ಮೂರನೇ ಗದ್ದೆಯಲ್ಲಿ ನೀರು ನಿಲ್ತಿರಲಿಲ್ಲ, ಎಲ್ಲೋ ಸೋರ್ತಿತ್ತು. ಅಪ್ಪಯ್ಯ ಫೋನಿನೊಳಗಿಂದ "ಏಡಿ ತೂತು ಮಾರಾಯ, ಹಾಳಿ ಬುಡ ತುಳಿದು ನೋಡು" ಅಂದರು. ಅಜ್ಜಿ ಅದೇ ಹೊತ್ತಿಗೆ "ಮೊಗುರಾ, ಮೊಗುರಾ" ಅಂದರು. ನೆಲ ಕೊರೆಯೋ ಛಚುಂದರದಂಥ ಪ್ರಾಣಿ ಅದು. ಒಬ್ಬರು ಕನ್ನಡದಲ್ಲಿ ಎಡಕ್ಕೆ ಅಂತಾರೆ, ಇನ್ನೊಬ್ಬರು ಜಪಾನಿಯಲ್ಲಿ ಬಲಕ್ಕೆ. ನಾನು ಮಂಡಿವರೆಗಿನ ಕೆಸರಲ್ಲಿ ಹಾಳಿ ಬುಡ ತುಳೀತಾ ಹೋದೆ. ತೂತು ಬಲಕ್ಕೇ ಸಿಕ್ತು. ಮಣ್ಣು ಹೆಟ್ಟಿ ತುಳಿದ ಮೇಲೆ ಸೋರೋದು ನಿಂತಿತು. ಅಪ್ಪಯ್ಯ, "ಆ ಅಜ್ಜಿಗೆ ಗೊತ್ತದೆ" ಅಂದರು.

ರಾತ್ರಿ ಅಮ್ಮ ಬೇರೆಯಾಗಿ ಫೋನ್ ಮಾಡಿದ್ದಳು. ಶುಂಠಿಯವರು ಅಡ್ವಾನ್ಸ್ ಕೊಟ್ಟು ಹೋದರಂತೆ. ಮನೆ ಎದುರಿನ ಎರಡು ಗದ್ದೆ ಮಾತ್ರ ಕೊಡೋದಿಲ್ಲ ಅಂತ ಅಪ್ಪಯ್ಯ ಹಟ ಹಿಡಿದರಂತೆ. "ಜುಲೈಯಲ್ಲಿ ರಜ ಸಿಕ್ತದಾ ಕೇಳು ಅಂದ್ರು" ಅಂದಳು. ನಾನು ರಜೆ ಅರ್ಜಿ ತೆರೆದು ಕಾರಣದ ಜಾಗದಲ್ಲಿ ಏನು ಬರೆಯೋದು ಅಂತ ಸ್ವಲ್ಪ ಹೊತ್ತು ನೋಡಿದೆ. 'ಯುಯಿ' ಅಂತಲೇ ಬರೆದೆ. ಮ್ಯಾನೇಜರ್ ಟೋಕಿಯೋದಲ್ಲಿ ಹುಟ್ಟಿದವರು, ಅರ್ಥ ಕೇಳಿ ಮೆಸೇಜ್ ಹಾಕಿದರು.