ಮಾಣಿಕನಗರದಿಂದ ಅಕ್ಕನಿಗೆ

ಮಾಣಿಕನಗರ
31 ಡಿಸೆಂಬರ್ 2024, ಮಂಗಳವಾರ ರಾತ್ರಿ

ಪ್ರೀತಿಯ ಅಕ್ಕನಿಗೆ,

ಅಪ್ಪ, ನಾನು, ಮಗಳು ಪುಟ್ಟಿ ಮೂವರೂ ಆರಾಮ ಇದ್ದೇವೆ. ಅಪ್ಪನ ಮೊಣಕಾಲು ನೋವು ಊರಲ್ಲಿ ಎಷ್ಟಿತ್ತೋ ಅಷ್ಟೇ ಇದೆ, ಹೆಚ್ಚಾಗಿಲ್ಲ. ಅವ್ವನಿಗೆ ಮೊದಲು ಇಷ್ಟನ್ನು ಓದಿ ಹೇಳಿಬಿಡು, ಉಳಿದದ್ದನ್ನು ಚಹಾ ಕುಡಿಯುತ್ತ ನಿಧಾನ ಓದಿದರಾಯಿತು.

ನಿನ್ನೆ ಫೋನಿನಲ್ಲಿ ನೀನು "ಹೈದರಾಬಾದ್ ಮುಟ್ಟಿದ್ರೇನು?" ಅಂತ ಕೇಳಿದಾಗ ನಾನು "ಇನ್ನೂ ಹುಮನಾಬಾದಿನಲ್ಲೇ ಇದ್ದೇವೆ" ಅಂದೆ. ನೀನು ಗಾಬರಿಯಾದೆ. ಯಾರಿಗೂ ಏನೂ ಆಗಿಲ್ಲ. ಅಪ್ಪನ ಹರಕೆಗೆಂದು ಎರಡು ದಿನ ಇಳಿದವರು ಇಲ್ಲೇ ಉಳಿದುಬಿಟ್ಟೆವು. ಪುಟ್ಟಿಗೆ ರಾಮೋಜಿ ಫಿಲ್ಮ್ ಸಿಟಿ ತೋರಿಸುತ್ತೇನೆಂದು ದಸರೆಯಿಂದಲೂ ಮಾತು ಕೊಟ್ಟಿದ್ದೆನಲ್ಲ, ಹುಮನಾಬಾದಿನ ಮೇಲೆ ಹಾದುಹೋಗುವ 65ನೇ ಹೆದ್ದಾರಿಯನ್ನೇ ಹಿಡಿದರೆ ಹೈದರಾಬಾದ್ ದಾಟಿ ನೇರ ಅದರ ಬಾಗಿಲಿಗೇ ಹೋಗಬಹುದು. ಹಾಗಿದ್ದೂ "ನಾಳೆ ಬ್ಯಾಡ, ಇನ್ನೊಂದು ದಿನ ಇರೋಣು" ಎಂದವಳು ಅವಳೇ. ಯಾಕೆ ಎಂಬುದು ಫೋನಿನಲ್ಲಿ ಹೇಳಲು ಬರಲಿಲ್ಲ. ಅದಕ್ಕೇ ಈ ಪತ್ರ.

ಕಲಬುರಗಿಯಿಂದ ರೈಲಿನಲ್ಲಿ ಬಂದೆವು. ಈ ದಾರಿ ಬೀದರಿನವರೆಗೆ ಪೂರ್ತಿಯಾದದ್ದು 2017ರಲ್ಲಿ. ಮರಗುತ್ತಿಯ ಸುರಂಗದಲ್ಲಿ ಗಾಡಿ ಹೊಕ್ಕಾಗ ಪುಟ್ಟಿ ನನ್ನ ಕೈ ಹಿಡಿದವಳು ಬೆಳಕು ಬಂದಮೇಲೂ ಬಿಡಲಿಲ್ಲ. ಹೊರಗೆ ನೋಡಿದರೆ ಎರಡೂ ಕಡೆ ತೊಗರಿ, ಕಟಾವಿಗೆ ಬಂದು ಕಂದು ಬಣ್ಣಕ್ಕೆ ತಿರುಗಿತ್ತು. ಹುಮನಾಬಾದಿನಲ್ಲಿ ಇಳಿದು ಟಂಟಂ ಹತ್ತಿದರೆ ಮಾಣಿಕನಗರ ಹತ್ತಿರವೇ.

ಇಲ್ಲಿ ವಿರಜಾ ಮತ್ತು ಗುರುಗಂಗಾ ಎಂಬ ಎರಡು ಸಣ್ಣ ಹೊಳೆಗಳು ಕೂಡುತ್ತವೆ. ಆ ಸಂಗಮದ ದಂಡೆಯಲ್ಲಿ 1845ರಲ್ಲಿ ಮಾಣಿಕಪ್ರಭುಗಳು ಬಂದು ನೆಲೆಸಿದರು. ಅವರು ಹುಟ್ಟಿದ್ದು ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ, 1817ರ ದತ್ತ ಜಯಂತಿಯ ದಿನ. ಸಮಾಧಿಯಾದದ್ದು 1865ರಲ್ಲಿ. ನಲವತ್ತೆಂಟೇ ವರ್ಷದ ಬದುಕು. ಈ ವರ್ಷದ ದತ್ತ ಜಯಂತಿ ಮುಗಿದು ಹನ್ನೆರಡು ದಿನವಾಗಿತ್ತು, ಜಾತ್ರೆಯ ಚಪ್ಪರದ ಗಳುಗಳನ್ನು ಇನ್ನೂ ಬಿಚ್ಚುತ್ತಿದ್ದರು. ಗದ್ದಲ ಇಳಿದಮೇಲೆ ಬಂದದ್ದೇ ಒಳ್ಳೆಯದಾಯಿತು.

ನಾವು ಬಂದ ದಿನ ಗುರುವಾರ, ದತ್ತನ ವಾರ. ಸಂಜೆ ಸಮಾಧಿಯ ಮುಂದೆ ಭಜನೆಗೆ ಕುಳಿತೆವು. ಒಂದು ಪದ ಮರಾಠಿ, ಮುಂದಿನದು ಕನ್ನಡ, ಅದರ ಮುಂದಿನದು ಹಿಂದುಸ್ತಾನಿ. ಮೂರನ್ನೂ ಬರೆದವರು ಪ್ರಭುಗಳೇ. ಅವರು ಹಾಕಿಕೊಟ್ಟ ದಾರಿಯ ಹೆಸರು ಸಕಲಮತ. ಯಾರ ಮತವೂ ಸುಳ್ಳಲ್ಲ ಎಂಬುದೇ ಅದರ ತಿರುಳು. ದತ್ತನ ಅವತಾರವೆಂದು ಕೆಲವರು, ಬಸವಣ್ಣನೇ ಎಂದು ಕೆಲವರು, ಮೆಹಬೂಬ್ ಸುಬಹಾನಿ ಎಂದು ಮುಸ್ಲಿಮರು, ಒಬ್ಬೊಬ್ಬರೂ ತಮ್ಮ ಬಾಯಿಗೆ ಬಂದ ಹೆಸರಿನಿಂದ ಅವರನ್ನು ಕರೆದರು. ನಮ್ಮ ಪಕ್ಕದಲ್ಲಿ ಕುಳಿತಿದ್ದ ಮುದುಕಿಯೊಬ್ಬಳಿಗೆ ಮೂರು ಭಾಷೆಯ ಪದಗಳೂ ಬಾಯಿಪಾಠ. "ಯಾವುದು ನಿಮ್ಮ ಮನಿ ಮಾತು, ಅಮ್ಮಾ?" ಅಂತ ಕೇಳಿದೆ. "ಮನ್ಯಾಗ ಕನ್ನಡ, ಬಜಾರದಾಗ ಉರ್ದು, ತವರಮನ್ಯಾಗ ಮರಾಠಿ. ಎಲ್ಲಾ ನಮ್ಮವೇ" ಅಂದಳು. ಗಡಿಯ ಬಗ್ಗೆ ಪತ್ರಿಕೆಯಲ್ಲಿ ಜಗಳ ಓದಿ ಓದಿ ಬೇಸತ್ತ ನನಗೆ ಆ ಮಾತು ಎಷ್ಟು ಹಿತವಾಯಿತೆಂದರೆ, ಅಂದು ರಾತ್ರಿ ಅದನ್ನು ನೆನೆಯುತ್ತಲೇ ನಿದ್ದೆ ಹೋದೆ.

ಶುಕ್ರವಾರ ಬಸವಕಲ್ಯಾಣಕ್ಕೆ ಹೋದೆವು. ಬಾಡಿಗೆ ಗಾಡಿಯವನೊಬ್ಬ ಎಲ್ಲಾ ತೋರಿಸುತ್ತೇನೆಂದು ಒಪ್ಪಿಕೊಂಡು 108 ಅಡಿಯ ಬಸವಣ್ಣನ ಮೂರ್ತಿಯ ಹತ್ತಿರ ನಿಲ್ಲಿಸಿದ. ಆಮೇಲೆ ಹೊಸ ಅನುಭವ ಮಂಟಪದ ಕಟ್ಟಡವನ್ನು ದೂರದಿಂದ ತೋರಿಸಿ, "ಮುಗೀತ್ರೀ, ಬಂದವರೆಲ್ಲ ಇಷ್ಟೇ ನೋಡೋದು" ಅಂದ. ಶರಣರ ಗವಿಗಳಿಗೆ ಹೋಗಬೇಕೆಂದರೆ ಬರಲಾರೆ ಎಂದು ನಮ್ಮನ್ನು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ಹೋದ. ಅಪ್ಪನಿಗೆ ಬಹಳ ಬೇಜಾರಾಯಿತು. ನನಗೂ ಕಣ್ಣಲ್ಲಿ ನೀರು ಬಂತು. ಅಷ್ಟು ದೂರದಿಂದ ಈ ವಯಸ್ಸಿನಲ್ಲಿ ಬಂದವರು.

ದೊಡ್ಡದನ್ನು ನಾನು ಬೇಡವೆನ್ನುವುದಿಲ್ಲ ಅಕ್ಕ. ಹೊಸ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದಾಗಲೇ 500 ಕೋಟಿ ರೂಪಾಯಿಯ ಯೋಜನೆ ಎಂದಿದ್ದರು, ಒಳಗೆ 770 ಕಂಬಗಳು ಬರುತ್ತವಂತೆ. ಬರಲಿ. ಶರಣರ ಲೆಕ್ಕ ಅದು, ಇಷ್ಟು ವರ್ಷದ ಮೇಲಾದರೂ ಒಂದು ಮನೆ ಆಗಲಿ. ಆದರೆ ಶರಣರು ಕುಳಿತೆದ್ದ ಜಾಗವೆಂದು ಜನ ತಲೆತಲಾಂತರದಿಂದ ನಂಬಿ ನಡೆದುಕೊಂಡ ಗವಿಗಳು ಅಲ್ಲೇ, ತ್ರಿಪುರಾಂತ ಕೆರೆಯ ಕಡೆಗಿವೆ. ಅವನ್ನು ನೋಡದೆ ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮೂರು ಕಡೆ ಕೇಳಿ, ಮಧ್ಯಾಹ್ನದ ಮೇಲೆ ಆಟೋದಲ್ಲಿ ನುಲಿಯ ಚಂದಯ್ಯನ ಗವಿಗೆ ಹೋದೆವು. ಒಳಗೆ ತಂಪು, ಎಣ್ಣೆದೀಪದ ವಾಸನೆ. ಅಪ್ಪ ಗೋಡೆಗೆ ಬೆನ್ನು ಕೊಟ್ಟು ಕುಳಿತು ಪುಟ್ಟಿಗೆ ಕತೆ ಹೇಳಿದರು. ಚಂದಯ್ಯ ಕೆರೆಯ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ ಜಂಗಮ ದಾಸೋಹ ಮಾಡುವವ. ಒಮ್ಮೆ ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗವೇ ನೀರಿಗೆ ಬಿತ್ತು. ಅವನು ಕೆಲಸ ಬಿಟ್ಟು ಹುಡುಕಲಿಲ್ಲ, ಹುಲ್ಲಿನ ಹೊರೆ ಹೊತ್ತು ನಡೆದ. ಲಿಂಗವೇ ಹಿಂದೆ ಬಂದು ಕರೆದುಕೋ ಎಂದು ಅಂಗಲಾಚಿತಂತೆ. ಹಾಗಾದರೆ ಹಗ್ಗ ಮಾರಿಕೊಂಡು ಬಾ ಎಂದು ದೇವರನ್ನೇ ಬಜಾರಕ್ಕೆ ಕಳಿಸಿದ. ಬಸವಣ್ಣ ಹೆಚ್ಚು ಬೆಲೆ ಕೊಟ್ಟದ್ದನ್ನು ದೇವರು ತಂದುಕೊಟ್ಟಾಗ, ನ್ಯಾಯವಾದ ಬೆಲೆಗಿಂತ ಮಿಕ್ಕಿದ್ದು ನಮಗೇಕೆ ಎಂದು ಬೈದ. ಪುಟ್ಟಿ ಸುಮ್ಮನೆ ಕೇಳಿದಳು. ಹೊರಗೆ ಬಂದು ಕೆರೆಯನ್ನೇ ನೋಡುತ್ತ ನಿಂತು, "ಇದೇ ನೀರೇನು, ಅಜ್ಜ?" ಅಂತ ಕೇಳಿದಳು. ದಂಡೆಯಲ್ಲಿ ಹುಲ್ಲು ಬೆಳೆದೇ ಇತ್ತು. ಒಂದು ಎಸಳು ಕಿತ್ತು ಬೆರಳಿಗೆ ಸುತ್ತಿಕೊಂಡು, ಅಂಬಿಗರ ಚೌಡಯ್ಯನ ಗವಿ, ಅಕ್ಕನಾಗಮ್ಮನ ಗವಿ ಎಲ್ಲ ನೋಡಿ ಬರುವತನಕ ಬಿಚ್ಚಲಿಲ್ಲ.

ಶನಿವಾರ ಬಸವಕಲ್ಯಾಣದ ಕೋಟೆ. ಅಪ್ಪ ಒಳಗೆ ಬಹಳ ದೂರ ನಡೆಯಲಾರದೆ ಬಾಗಿಲ ಹತ್ತಿರದ ಕಟ್ಟೆಯ ಮೇಲೆ ಕುಳಿತರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ಮೂವತ್ತು ವರ್ಷ ದುಡಿದವರು, ಪ್ರತಿಯೊಂದು ವಾಟ್ನಿ ದಾವೆಯಲ್ಲೂ ಮಿತಾಕ್ಷರಾ ಎಂಬ ಶಬ್ದ ಅವರ ಕಿವಿಯ ಮೇಲೆ ಬಿದ್ದಿದೆ. ಬಂಗಾಳದ ಕಡೆ ಬಿಟ್ಟರೆ ದೇಶದ ಬಹುಪಾಲಿಗೆ ಹಿಂದೂ ಆಸ್ತಿಯ ಪಾಲಿಗೆ ಆಧಾರವಾದ ಆ ಗ್ರಂಥವನ್ನು ವಿಜ್ಞಾನೇಶ್ವರ ಬರೆದದ್ದು ಈ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ. 1076ರಿಂದ 1126ರವರೆಗೆ ಐವತ್ತು ವರ್ಷ ಆಳಿದ ದೊರೆ. ಶಕವರ್ಷ ಬಿಟ್ಟು ತನ್ನದೇ ಹೆಸರಿನ ವರ್ಷ ಎಣಿಸಿದವನು. ಕಾಶ್ಮೀರದಿಂದ ಬಿಲ್ಹಣ ಬಂದು ಇವನ ಮೇಲೆ ಕಾವ್ಯ ಬರೆದ. ಅಪ್ಪ ಕಟ್ಟೆಯ ಕಲ್ಲನ್ನು ಅಂಗೈಯಿಂದ ತಟ್ಟಿ, "ನಾ ಉಂಡ ಅನ್ನ ಈ ಊರಿನದು ನೋಡವಾ" ಅಂದರು. ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಇದೇ ಮೊದಲು.

ನಾರಾಯಣಪುರದ ಗುಡಿಯನ್ನೂ ನೋಡಿದೆವು, ಬಸವಕಲ್ಯಾಣಕ್ಕೆ ಸಮೀಪ. ಅಲ್ಲಿ ಚಾಲುಕ್ಯರ ಕಾಲದ ಮದನಿಕೆಯರಿದ್ದಾರೆ. ಹೊತ್ತು ಸಾಲಲಿಲ್ಲ. ಭಾನುವಾರ ಅಪ್ಪನಿಗೆ ವಿಶ್ರಾಂತಿ, ಹುಮನಾಬಾದಿನ ವೀರಭದ್ರನ ದರ್ಶನ ಮಾತ್ರ.

ಇನ್ನು ನಿನ್ನೆಯ ಮಾತು. ನಿನಗೆ ಹೇಳಬೇಕೆಂದು ಬರೆಯಲು ಕುಳಿತದ್ದೇ ಇದನ್ನು.

ನಿನ್ನೆ ಎಳ್ಳ ಅಮಾವಾಸ್ಯೆ. ಹುಮನಾಬಾದಿನಿಂದ ಹತ್ತು ಕಿಲೋಮೀಟರಿನ ಆಸುಪಾಸು ಜಲಸಂಗ್ವಿ ಎಂಬ ಹಳ್ಳಿ. ಅಲ್ಲೊಂದು ಶಿವನ ಗುಡಿ ಇದೆ, ಅದೂ ವಿಕ್ರಮಾದಿತ್ಯನ ಕಾಲದ್ದು. ಬೆಳಿಗ್ಗೆ ಹೊರಟರೆ ಹಳ್ಳಿಯಲ್ಲಿ ಜನರೇ ಇಲ್ಲ, ಎಲ್ಲರೂ ತಲೆಯ ಮೇಲೆ ಬುಟ್ಟಿ ಹೊತ್ತು ಹೊಲಕ್ಕೆ ಹೋಗಿದ್ದರು. ಗುಡಿಯ ಹತ್ತಿರ ನಾವು ಮೂವರೇ. ಹೊರಗೋಡೆಯ ಸುತ್ತ ಕಲ್ಲಿನ ಹೆಣ್ಣುಮಕ್ಕಳು ನಿಂತಿದ್ದಾರೆ. ಒಬ್ಬೊಬ್ಬಳದೂ ಒಂದೊಂದು ನಿಲುವು, ಒಂದೊಂದು ಕೆಲಸ. ಅವರ ನಡುವೆ ಒಬ್ಬಳಿದ್ದಾಳೆ ಅಕ್ಕ, ಅವಳು ಬರೆಯುತ್ತಿದ್ದಾಳೆ.

ನಿಜವಾಗಿ ಬರೆಯುತ್ತಿದ್ದಾಳೆ. ಸೊಂಟ ಒಂದು ಕಡೆ ವಾಲಿದೆ, ಬಲಗೈ ಎತ್ತಿದೆ, ಬೆರಳುಗಳಲ್ಲಿ ಕಂಟ. ಮುಂದಿನ ಫಲಕದ ಮೇಲೆ ಅಕ್ಷರಗಳಿವೆ, ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತದ ಸಾಲು. ಗೋಡೆಗೆ ಬೇರೆ ಶಾಸನ ಹಾಕಿ ಪಕ್ಕಕ್ಕೆ ಬೊಂಬೆ ನಿಲ್ಲಿಸಿದ್ದಲ್ಲ, ಶಿಲ್ಪಿ ಶಾಸನವನ್ನೇ ಅವಳ ಕೈಯಿಂದ ಬರೆಸಿದ್ದಾನೆ. ದೊರೆಯ ಕೀರ್ತಿಯನ್ನು ಕಲ್ಲಿಗೆ ಹಾಕಿಸಬೇಕಾದಾಗ, ಅದನ್ನು ಬರೆಯುವವಳು ಹೆಣ್ಣಾಗಲಿ ಎಂದು ಯಾರಿಗೆ ಹೊಳೆಯಿತೋ! ಇದಾದ ಒಂದೆರಡು ತಲೆಮಾರಿಗೇ, ಇದೇ ಸೀಮೆಯಲ್ಲಿ, ಅಕ್ಕಮಹಾದೇವಿ, ಅಕ್ಕನಾಗಮ್ಮ, ಆಯ್ದಕ್ಕಿ ಲಕ್ಕಮ್ಮ, ಮೋಳಿಗೆಯ ಮಹಾದೇವಿ ವಚನ ಹೇಳಿದರು. ಈ ಗುಡಿಯನ್ನು ಅವರಾರಾದರೂ ನೋಡಿದ್ದರೆಂದು ಹೇಳಲು ನನಗೆ ಆಧಾರವಿಲ್ಲ. ಆದರೂ ಆ ಕೈಯನ್ನು ನೋಡುತ್ತ ನಿಂತಾಗ ಅವರೆಲ್ಲರ ಹೆಸರು ತಾವಾಗಿಯೇ ಬಂದವು.

ಪುಟ್ಟಿ ಮೊದಲು ಕೇಳಿದ್ದು, "ಅಮ್ಮ, ಈಕೀಗೆ ಓದಲಿಕ್ಕೆ ಕಲಿಸಿದವರು ಯಾರು?" ಎಂದು. ನನಗೆ ಉತ್ತರ ಹೊಳೆಯಲಿಲ್ಲ. ಅವಳು ಚೀಲದಿಂದ ವಹಿ ತೆಗೆದು, ನೆಲದ ಮೇಲೆ ಕುಳಿತು ಚಿತ್ರ ತೆಗೆಯಲು ಶುರುಮಾಡಿದಳು. ಒಂದೂವರೆ ತಾಸು. ಎದ್ದೇಳಲಿಲ್ಲ, ನೀರು ಕೇಳಲಿಲ್ಲ, ಫೋನಿನ ನೆನಪೂ ಮಾಡಲಿಲ್ಲ. ಆ ಹೊತ್ತಿನಲ್ಲಿ ಹೊಲಕ್ಕೆ ಹೊರಟ ಒಬ್ಬ ಹೆಣ್ಣುಮಗಳು ನಮ್ಮನ್ನು ಕಂಡು ನಿಂತು, ಬುಟ್ಟಿ ಇಳಿಸದೆಯೇ ಅಂದಳು: "ನಾ ಸಣ್ಣಾಕಿ ಇದ್ದಾಗಿಂದ ನೋಡ್ಲತ್ತೀನಿ. ಆಕಿ ಇನ್ನಾ ಬರೀಲತ್ತಾಳ." ಆಮೇಲೆ, "ಅಮಾಸಿ ದಿನ ಉಪಾಸ ಹೋಗಬ್ಯಾಡ್ರಿ, ಹೊಲಕ್ಕ ಬರ್ರಿ" ಎಂದು ಕರೆದಳು.

ಹೋದೆವು. ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲಿಟ್ಟು ಪಾಂಡವರೆಂದು ಪೂಜಿಸಿದ್ದರು. ಮನೆಯ ಹಿರಿಯ ಹೊಲದ ಸುತ್ತ ಚರಗ ಚೆಲ್ಲಿ ಬಂದ. ನಮ್ಮ ಧಾರವಾಡದ ಕಡೆ ಕಡಬು, ಎಣ್ಣೆಗಾಯಿ ಹೇಗೋ ಇಲ್ಲಿ ಭಜ್ಜಿ ಹಾಗೆ. ಎಣ್ಣೆಯಲ್ಲಿ ಕರಿಯುವ ಬಜ್ಜಿ ಅಂದುಕೊಳ್ಳಬೇಡ. ಹಸಿ ತೊಗರಿಕಾಳು, ಅವರೆ, ಹಸಿಗಡಲೆ, ಶೇಂಗಾ, ಮೆಂತ್ಯೆ, ಗಜ್ಜರಿ, ಹೊಲದಲ್ಲಿ ಆ ದಿನಕ್ಕೆ ಏನೇನಿದೆಯೋ ಎಲ್ಲವನ್ನೂ ಹುಣಸೆಹುಳಿ, ಕಡಲೆಹಿಟ್ಟು ಹಾಕಿ ಒಂದೇ ಪಾತ್ರೆಯಲ್ಲಿ ಕುದಿಸಿದ್ದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೇಲೆ ಜೋಳದ ಅಂಬಲಿ. ಯಾರು, ಎತ್ತ, ಯಾವ ಮಂದಿ ಎಂದು ಒಬ್ಬರೂ ಕೇಳಲಿಲ್ಲ. ಅಪ್ಪ ಎರಡು ಸಲ ಭಜ್ಜಿ ಹಾಕಿಸಿಕೊಂಡರು. ಅವ್ವನಿಗೆ ಹೇಳು, ಬಿ.ಪಿ. ಗುಳಿಗೆ ತಪ್ಪಿಸಿಲ್ಲ.

ಸಂಜೆ ಬಸ್ಸಿನಲ್ಲಿ ಬರುವಾಗ ಪುಟ್ಟಿಯನ್ನು ಕೇಳಿದೆ, ನಾಳೆ ಹೈದರಾಬಾದಿಗೆ ಹೊರಡೋಣವೇ ಎಂದು. ಮುಂದಿನ ವರ್ಷ ಹೋಗೋಣ, ಈಗ ಚಿತ್ರ ಮುಗಿಸಬೇಕು ಅಂದಳು. ಹೀಗಾಗಿ ಇವತ್ತು ಮತ್ತೆ ಜಲಸಂಗ್ವಿ.

ನಾಳೆ ಹೊರಟು ಗುರುವಾರ ಬೆಳಿಗ್ಗೆ ಮನೆ ಮುಟ್ಟುತ್ತೇವೆ. ಬೇಸಿಗೆ ರಜೆಗೆ ನಿನ್ನ ಮಕ್ಕಳನ್ನು ಎಲ್ಲಿಗಾದರೂ ಕರೆದೊಯ್ಯುವ ಮಾತಿತ್ತಲ್ಲ, ಇಲ್ಲಿಗೆ ಬಾ. ಬಿಸಿಲು ಜೋರು ಎನ್ನುವುದಾದರೆ ದೀಪಾವಳಿಗೆ ಬಾ. ಎರಡು ದಿನ ಸಾಲದು, ನಾಲ್ಕಾದರೂ ಇಟ್ಟುಕೊಂಡು ಬಾ. ನಾನೂ ಜೊತೆಗೆ ಬರುತ್ತೇನೆ.

ಮುಖ್ಯವಾಗಿ ಇದು: ಎಂ.ಎ. ಓದುವಾಗ ನೀನು ಶಾಸನದ ಪಡಿಯಚ್ಚುಗಳನ್ನು ಅಟ್ಟದ ಮೇಲೆ ಹರಡಿಕೊಂಡು ಒಂದೊಂದೇ ಅಕ್ಷರ ಬಿಡಿಸುತ್ತಿದ್ದೆಯಲ್ಲ, ಮದುವೆಯ ಮೇಲೆ ಅದನ್ನೆಲ್ಲ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಪುಟ್ಟಿಗೆ ಅದನ್ನು ನಾನು ಹೇಳಿದ್ದೇನೆ. ಅವಳು ತೆಗೆದ ಚಿತ್ರವನ್ನು ಈ ಪತ್ರದೊಳಗೆ ಮಡಚಿ ಇಟ್ಟಿದ್ದೇನೆ. ಕಲ್ಲಿನ ಹುಡುಗಿ ಇದ್ದಾಳೆ, ಕೈ ಇದೆ, ಕಂಟ ಇದೆ. ಫಲಕವನ್ನು ಮಾತ್ರ ಖಾಲಿ ಬಿಟ್ಟಿದ್ದಾಳೆ, ಅಕ್ಷರ ಗೊತ್ತಿಲ್ಲದೆ ತಪ್ಪು ಬರೆಯಬಾರದಂತೆ. ಫಲಕದ ನಾಲ್ಕು ಫೋಟೋ ಹತ್ತಿರದಿಂದ ತೆಗೆದು ನಿನ್ನ ಫೋನಿಗೆ ಕಳಿಸಿದ್ದೇನೆ. ದೊಡ್ಡಮ್ಮ ಓದಿ ತುಂಬಿಸಲಿ ಎಂದು ಅವಳು ಕಾಯುತ್ತಿದ್ದಾಳೆ. ಟ್ರಂಕಿನ ಕೀಲಿ ಅವ್ವನ ಕಪಾಟಿನ ಮೇಲಿನ ಡಬ್ಬಿಯಲ್ಲಿದೆ.

ನಿನ್ನ ತಂಗಿ